ಮುಷ್ಕರದ ಮುಂದಾಳು ರಾಷ್ಟ್ರಪತಿಯಾದಾಗ: ವಿ.ವಿ. ಗಿರಿ ಅವರ ಬದುಕು

ಭಾರತದ ರಾಷ್ಟ್ರಪತಿಗಳ ಸಾಲಿನಲ್ಲಿ ವರಾಹಗಿರಿ ವೆಂಕಟ ಗಿರಿ ಅವರದು ನಾಲ್ಕನೆಯ ಹೆಸರು. ಶಾಲೆಯ ಪಠ್ಯಗಳಲ್ಲಿ ಅವರ ಪರಿಚಯ ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯುತ್ತದೆ. ಆದರೆ ರಾಷ್ಟ್ರಪತಿ ಭವನ ಸೇರುವ ಮುನ್ನ ನಾಲ್ಕು ದಶಕಗಳ ಕಾಲ ಅವರ ಹೆಸರು ಓಡಾಡಿದ್ದು ರೈಲ್ವೆ ಕಾರ್ಯಾಗಾರಗಳ ಗೇಟುಗಳ ಬಳಿ. 1965ರ ಏಪ್ರಿಲ್‌ನಿಂದ 1967ರ ಮೇ ತಿಂಗಳವರೆಗೆ ಅವರು ಅಂದಿನ ಮೈಸೂರು ರಾಜ್ಯದ ರಾಜ್ಯಪಾಲರೂ ಆಗಿದ್ದರು. ಪಾಲಿಕೆ, ಸಾರಿಗೆ ನಿಗಮ, ಅಂಚೆ, ರೈಲ್ವೆಗಳ ಸಂಬಳವನ್ನು ನಂಬಿದ ಮನೆಗಳು ಮೈಸೂರಿನ ಯಾವ ಬಡಾವಣೆಯಲ್ಲಿ ಇಲ್ಲ? ಕೆಸರೆಯಲ್ಲಿಯೂ ಇವೆ. ಆ ಮನೆಗಳಲ್ಲಿ ಇಂದು ಸಹಜವೆಂದು ತೋರುವ ಹಲವು ಸೌಲಭ್ಯಗಳ ಹಿಂದೆ ಗಿರಿಯವರ ತಲೆಮಾರಿನ ದುಡಿಮೆಯಿದೆ.

ಗಿರಿಯವರು 1894ರ ಆಗಸ್ಟ್ 10ರಂದು ಗಂಜಾಂ ಪ್ರಾಂತದ ಬೆರ್ಹಾಂಪುರದಲ್ಲಿ ತೆಲುಗು ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಜೋಗಯ್ಯ ಪಂತುಲು ವಕೀಲರು. ಮಗನೂ ವಕೀಲನಾಗಲೆಂದು 1913ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರಕ್ಕೆ ಕಳುಹಿಸಿದರು. ಅದೇ ವರ್ಷ ಆ ನಗರದಲ್ಲಿ ಟ್ರಾಮ್ ಕಾರ್ಮಿಕರ ಮುಷ್ಕರದಿಂದ ಆರಂಭವಾದ ಸಂಘರ್ಷ, ಸಾವಿರಾರು ಮಂದಿಯನ್ನು ಕೆಲಸದಿಂದ ಹೊರಗಿಟ್ಟ ದೊಡ್ಡ ಲಾಕೌಟ್ ಆಗಿ ಬೆಳೆದಿತ್ತು. ಸಂಘಕ್ಕೆ ಸೇರುವುದಿಲ್ಲವೆಂದು ಬರೆದುಕೊಟ್ಟವರಿಗೆ ಮಾತ್ರ ಕೆಲಸ ಎಂಬುದು ಮಾಲೀಕರ ಪಟ್ಟು. ಕಾನೂನು ಓದಲು ಹೋದ ಯುವಕ ಅಲ್ಲಿ ಜೇಮ್ಸ್ ಕಾನೊಲಿಯಂತಹ ಕಾರ್ಮಿಕ ನಾಯಕರ ಪ್ರಭಾವಕ್ಕೆ ಒಳಗಾದರು. 1916ರ ಈಸ್ಟರ್ ದಂಗೆಯ ನಂತರ ಅವರು ಐರ್ಲೆಂಡನ್ನು ಬಿಡಬೇಕಾಯಿತು. ವಕೀಲಿಯ ಅರ್ಹತೆಯೊಂದಿಗೆ ಸಂಘಟನೆಯ ಪಾಠವನ್ನೂ ಅವರು ಊರಿಗೆ ತಂದರು.

ಬೆರ್ಹಾಂಪುರದ ಮೇಲೆ ಹಾದುಹೋಗುತ್ತಿದ್ದುದು ಬಂಗಾಳ-ನಾಗಪುರ ರೈಲ್ವೆ. ಅದರ ಆಡಳಿತ ಕಂಪನಿಯ ಕೈಯಲ್ಲಿದ್ದರೂ ಹಿಡಿತ ಸರ್ಕಾರದ್ದು. ಖರಗ್‌ಪುರದ ಕಾರ್ಯಾಗಾರ ಅದರ ಹೃದಯವಾಗಿತ್ತು. ಆ ಕಾಲದ ರೈಲ್ವೆ ನೌಕರನ ಸ್ಥಿತಿಯನ್ನು ಇಂದು ಊಹಿಸುವುದು ಕಷ್ಟ. ಮೇಲಧಿಕಾರಿಯ ಒಂದು ಸಹಿ ಸಾಕು, ಇಪ್ಪತ್ತು ವರ್ಷದ ಸೇವೆ ಮುಗಿಯುತ್ತಿತ್ತು. ಆಪಾದನೆ ಏನೆಂದು ತಿಳಿಸುವ, ಉತ್ತರ ಕೇಳುವ ಕಟ್ಟುಪಾಡು ಬಲವಾಗಿರಲಿಲ್ಲ. 1926ರಲ್ಲಿ ಕಾರ್ಮಿಕ ಸಂಘಗಳ ಕಾಯಿದೆ ಬರುವವರೆಗೆ ಸಂಘ ಕಟ್ಟುವುದೇ ಕಾನೂನಿನ ಕಣ್ಣಿನಲ್ಲಿ ಅನುಮಾನದ ಕೆಲಸ. ನೌಕರನೇ ಮುಂದೆ ನಿಂತು ಮಾತನಾಡಿದರೆ ಮರುದಿನ ಅವನು ನೌಕರನಾಗಿ ಉಳಿಯುತ್ತಿರಲಿಲ್ಲ. ಆದ್ದರಿಂದಲೇ ಸಂಬಳಕ್ಕೆ ಸಿಕ್ಕಿಕೊಳ್ಳದ ವಕೀಲರು ಸಂಘಗಳ ಮುಂದಾಳತ್ವ ವಹಿಸಿದರು. ಹೊರಗಿನವರಿಗೆ ಇಲ್ಲೇನು ಕೆಲಸ ಎಂದು ಆಡಳಿತ ವರ್ಗ ಇಂದಿಗೂ ಕೇಳುವುದುಂಟು. ಉತ್ತರ ಆ ದಿನಗಳಲ್ಲಿದೆ.

ಕೆಲಸಗಾರರ ಕಡಿತವನ್ನು ವಿರೋಧಿಸಿ 1928ರಲ್ಲಿ ಬಂಗಾಳ-ನಾಗಪುರ ರೈಲ್ವೆಯಲ್ಲಿ ನಡೆದ ಶಾಂತಿಯುತ ಮುಷ್ಕರಕ್ಕೆ ಗಿರಿಯವರೇ ನಾಯಕರು. ಸರ್ಕಾರವೂ ಆಡಳಿತವೂ ಮಣಿದು ಬೇಡಿಕೆಗಳನ್ನು ಒಪ್ಪಬೇಕಾಯಿತು. ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟದ ಸ್ಥಾಪಕರಲ್ಲಿ ಒಬ್ಬರಾಗಿ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದರ ಪ್ರಧಾನ ಕಾರ್ಯದರ್ಶಿಯಾಗಿ ಅವರು ದುಡಿದರು. 1927ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನಕ್ಕೂ, 1931ರಲ್ಲಿ ಎರಡನೆಯ ದುಂಡುಮೇಜಿನ ಪರಿಷತ್ತಿಗೂ ಕಾರ್ಮಿಕರ ಪ್ರತಿನಿಧಿಯಾಗಿ ಹೋದರು. ಎಐಟಿಯುಸಿ ಅಧ್ಯಕ್ಷ ಸ್ಥಾನ ಎರಡು ಬಾರಿ ಅವರಿಗೆ ಒಲಿಯಿತು. ಆದರೂ 1929ರ ನಾಗಪುರ ಅಧಿವೇಶನದಲ್ಲಿ ಸಂಘಟನೆ ಒಡೆದಾಗ ಅವರು ಎನ್.ಎಂ. ಜೋಶಿ ಮತ್ತು ನಮ್ಮ ಕರಾವಳಿಯ ಬೆನೆಗಲ್ ಶಿವರಾವ್ ಅವರೊಂದಿಗೆ ಸೌಮ್ಯವಾದಿಗಳ ಗುಂಪಿನಲ್ಲಿ ನಿಂತರು. ಎಡಪಂಥೀಯರು ಅವರನ್ನು ಅನುಮಾನದಿಂದ ಕಂಡರು. ಮುಷ್ಕರವನ್ನು ಕೊನೆಯ ಅಸ್ತ್ರವೆಂದು ಬಗೆದಿದ್ದ ಅವರಿಗೆ ಮಾತುಕತೆಯ ಮೇಜು ಮೊದಲಿನದಾಗಿತ್ತು.

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡಬಹುದು. 1937ರ ಚುನಾವಣೆಯಲ್ಲಿ ಬೊಬ್ಬಿಲಿಯ ರಾಜರನ್ನು ಸೋಲಿಸಿ ಮದ್ರಾಸಿನ ರಾಜಾಜಿ ಸಂಪುಟದಲ್ಲಿ ಕಾರ್ಮಿಕ ಸಚಿವರಾದರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಸೆರೆವಾಸ ಅನುಭವಿಸಿದರು. ಸ್ವಾತಂತ್ರ್ಯಾನಂತರ ಸಿಲೋನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದು, 1952ರಲ್ಲಿ ಲೋಕಸಭೆಗೆ ಆಯ್ಕೆಯಾಗಿ ನೆಹರೂ ಸಂಪುಟದ ಕಾರ್ಮಿಕ ಸಚಿವರಾದರು.

ಇಲ್ಲಿ ಅವರ ಬದುಕಿನ ಅತ್ಯಂತ ಮುಖ್ಯ ಘಟ್ಟ ಬರುತ್ತದೆ. ವಿವಾದಗಳನ್ನು ಸರ್ಕಾರವೇ ನ್ಯಾಯಮಂಡಳಿಗೆ ಒಪ್ಪಿಸಿ ತೀರ್ಪು ಹೇರುವ ಪದ್ಧತಿಯನ್ನು ಗಿರಿಯವರು ಮೆಚ್ಚಿರಲಿಲ್ಲ. ಅದರಿಂದ ಸಂಘಗಳು ಕೋರ್ಟಿನ ಮೆಟ್ಟಿಲನ್ನೇ ನಂಬಿ ದುರ್ಬಲಗೊಳ್ಳುತ್ತವೆ, ಆದ್ದರಿಂದ ಎರಡು ಕಡೆಯವರೂ ತಾವೇ ಕುಳಿತು ಮಾತನಾಡಬೇಕು ಎಂಬುದು ಅವರ ನಿಲುವು. 1952ರಲ್ಲಿ ನೈನಿತಾಲಿನಲ್ಲಿ ಸೇರಿದ ಭಾರತೀಯ ಕಾರ್ಮಿಕ ಸಮ್ಮೇಳನದ ಮುಂದೆ ಇದೇ ಪ್ರಶ್ನೆ ಬಂತು. ಗಿರಿ ಮಾರ್ಗವೆಂದು ಹೆಸರಾದ ಈ ವಿಚಾರವನ್ನು ಮಾಲೀಕರೂ ಅನೇಕ ಸಂಘಗಳೂ ಒಪ್ಪಲಿಲ್ಲ. ಸಂಘಗಳ ಅಳುಕಿಗೆ ಕಾರಣವಿಲ್ಲದೆ ಇರಲಿಲ್ಲ. ರೈಲ್ವೆಯಂತಹ ಬಲಿಷ್ಠ ಸಂಘವಿದ್ದವರಿಗೆ ಮಾತುಕತೆಯ ಮೇಜು ಲಾಭದಾಯಕ. ಹತ್ತು ಮಂದಿಯೂ ಒಟ್ಟಾಗದ ಕಡೆ, ಗುತ್ತಿಗೆದಾರನ ಕೈಕೆಳಗೆ ಚರಂಡಿ ಬಳಿಯುವವರಿಗೆ, ಆ ಮೇಜಿನ ಬಳಿ ಕುರ್ಚಿಯೇ ಇರುವುದಿಲ್ಲ. ಈ ಲೇಖಕನ ಅಭಿಪ್ರಾಯದಲ್ಲಿ ಗಿರಿಯವರ ಚಿಂತನೆಯ ಕೊರತೆ ಇದೇ.

ಹೀಗೆ ನ್ಯಾಯಮಂಡಳಿಗಳನ್ನು ಮೆಚ್ಚದ ಸಚಿವರು ಕೊನೆಗೆ ರಾಜೀನಾಮೆ ನೀಡಿದ್ದು ನ್ಯಾಯಮಂಡಳಿಯ ತೀರ್ಪೊಂದರ ಪರವಾಗಿ! ಬ್ಯಾಂಕ್ ನೌಕರರ ವೇತನದ ಬಗ್ಗೆ 1954ರಲ್ಲಿ ಕಾರ್ಮಿಕ ಮೇಲ್ಮನವಿ ನ್ಯಾಯಮಂಡಳಿ ತೀರ್ಪು ನೀಡಿತು. ಆ ಹೊರೆಯನ್ನು ಬ್ಯಾಂಕುಗಳು ತಾಳಲಾರವು, ಸಣ್ಣ ಊರುಗಳ ಶಾಖೆಗಳು ಮುಚ್ಚಿಹೋಗುತ್ತವೆ ಎಂಬ ಕಾರಣ ನೀಡಿ ಕೇಂದ್ರ ಸರ್ಕಾರ ಆಗಸ್ಟ್‌ನಲ್ಲಿ ತೀರ್ಪನ್ನು ಮಾರ್ಪಡಿಸಿತು. ನೌಕರರಿಗೆ ದಕ್ಕಿದ್ದು ಕಡಿಮೆಯಾಯಿತು. ಮೇಲ್ನೋಟಕ್ಕೆ ಇಲ್ಲಿ ವಿರೋಧಾಭಾಸವಿದ್ದರೂ ಗಿರಿಯವರ ತರ್ಕ ನೇರವಾಗಿತ್ತು. ಮುಷ್ಕರ ಬೇಡ, ಮಂಡಳಿಗೆ ಹೋಗಿ ಎಂದು ನೌಕರರಿಗೆ ಹೇಳಿದ್ದು ಸರ್ಕಾರ. ಮಂಡಳಿಯ ಮಾತು ತನಗೆ ಒಗ್ಗಲಿಲ್ಲವೆಂದು ಅದೇ ಸರ್ಕಾರ ಅದನ್ನು ತಿದ್ದಿದರೆ ನೌಕರನಿಗೆ ಉಳಿಯುವ ದಾರಿ ಯಾವುದು? ಸೆಪ್ಟೆಂಬರ್‌ನಲ್ಲಿ ಅವರು ಸಚಿವ ಸ್ಥಾನ ತೊರೆದರು. ಬಳಿಕ ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. ಅದನ್ನು ಪೂರ್ಣಗೊಳಿಸಿದವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್. ಅವರ ಶಿಫಾರಸುಗಳನ್ನು ಆಧರಿಸಿ 1955ರಲ್ಲಿ ಕಾಯಿದೆಯೇ ಬಂತು.

ನಂತರ ಗಿರಿಯವರು ಉತ್ತರ ಪ್ರದೇಶ, ಕೇರಳ, ಮೈಸೂರು ರಾಜ್ಯಗಳಲ್ಲಿ ರಾಜ್ಯಪಾಲರಾದರು. ಇತ್ತ 1960ರ ಜುಲೈನಲ್ಲಿ ಕೇಂದ್ರ ಸರ್ಕಾರಿ ನೌಕರರು ಐದು ದಿನ ಮುಷ್ಕರ ಹೂಡಿ, ಸುಗ್ರೀವಾಜ್ಞೆಯ ಬಲದ ಮುಂದೆ ಸೋತಿದ್ದರು. ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕಿಲ್ಲವೆಂದು 1962ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಮುಷ್ಕರದ ಬಾಗಿಲು ಹೀಗೆ ಮುಚ್ಚುತ್ತಿದ್ದಾಗ ತೆರೆದದ್ದು ಮಾತುಕತೆಯ ಬಾಗಿಲು. 1966ರ ಅಕ್ಟೋಬರ್‌ನಲ್ಲಿ, ಗಿರಿಯವರು ಬೆಂಗಳೂರಿನ ರಾಜಭವನದಲ್ಲಿದ್ದಾಗ, ಕೇಂದ್ರ ನೌಕರರಿಗಾಗಿ ಜಂಟಿ ಸಮಾಲೋಚನಾ ವ್ಯವಸ್ಥೆ ಆರಂಭವಾಯಿತು. ವೇತನ, ಕೆಲಸದ ಅವಧಿ, ರಜೆಗಳ ಬಗ್ಗೆ ಸಂಘಗಳೂ ಅಧಿಕಾರಿಗಳೂ ಎದುರುಬದುರು ಕುಳಿತು, ಒಮ್ಮತ ಮೂಡದಿದ್ದರೆ ಕೆಲವು ವಿಷಯಗಳನ್ನು ಪಂಚಾಯ್ತಿಗೆ ಒಪ್ಪಿಸುವ ಏರ್ಪಾಡು ಅದು.

ಮೈಸೂರಿನಲ್ಲಿ ಅವರ ಕಾಲದ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. 1967ರಲ್ಲಿ ಗಿರಿಯವರು ಉಪರಾಷ್ಟ್ರಪತಿಯಾದರು. 1969ರ ಮೇ ತಿಂಗಳಲ್ಲಿ ಜಾಕಿರ್ ಹುಸೇನ್ ನಿಧನರಾದಾಗ ಹಂಗಾಮಿ ರಾಷ್ಟ್ರಪತಿ. ಆ ವೇಳೆಗೆ ನಿಜಲಿಂಗಪ್ಪ ಕಾಂಗ್ರೆಸ್ ಅಧ್ಯಕ್ಷರು. ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಪಕ್ಷದ ನಾಯಕರು ನೀಲಂ ಸಂಜೀವರೆಡ್ಡಿಯವರನ್ನು ಅಭ್ಯರ್ಥಿಯಾಗಿ ಆರಿಸಿದರು. ಗಿರಿಯವರು ಪಕ್ಷೇತರರಾಗಿ ಕಣಕ್ಕಿಳಿದರು. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆಗೆ ಸಹಿ ಹಾಕಿ, ಮರುದಿನವೇ ಅವರು ಹುದ್ದೆ ತೊರೆದರು. ನಮ್ಮ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್‌ಗಳೂ ಆ ಪಟ್ಟಿಯಲ್ಲಿದ್ದವು. ಹದಿನೈದು ವರ್ಷ ಹಿಂದೆ ಯಾರ ವೇತನಕ್ಕಾಗಿ ಸಚಿವಗಿರಿ ಬಿಟ್ಟಿದ್ದರೋ ಆ ಬ್ಯಾಂಕ್ ನೌಕರರಲ್ಲಿ ಬಹುಪಾಲು ಮಂದಿ ಅವರದೇ ಸಹಿಯಿಂದ ಸಾರ್ವಜನಿಕ ವಲಯದ ನೌಕರರಾದರು. ಇಂದಿರಾ ಗಾಂಧಿಯವರ ಬೆಂಬಲದೊಂದಿಗೆ, ಎರಡನೆಯ ಪ್ರಾಶಸ್ತ್ಯದ ಮತಗಳನ್ನೂ ಎಣಿಸಿದ ಮೇಲೆ, 4,20,077 ಮತಮೌಲ್ಯ ಪಡೆದು ಗಿರಿಯವರು ಗೆದ್ದರು, ಸಂಜೀವರೆಡ್ಡಿಯವರಿಗೆ 4,05,427. ಚುನಾವಣಾ ತಕರಾರಿನಲ್ಲಿ ಸ್ವತಃ ಸುಪ್ರೀಂ ಕೋರ್ಟಿನ ಮುಂದೆ ಸಾಕ್ಷಿ ನುಡಿದ ರಾಷ್ಟ್ರಪತಿ ಎಂಬ ಹೆಸರೂ ಅವರದಾಯಿತು.

ಅಧಿಕಾರಾವಧಿಯ ಕೊನೆಯ ತಿಂಗಳುಗಳು ಮಾತ್ರ ಕಹಿ. 1974ರ ಮೇ 8ರಂದು ದೇಶದ ರೈಲ್ವೆ ನೌಕರರು ಮುಷ್ಕರಕ್ಕೆ ಇಳಿದರು. ಬೋನಸ್, ಎಂಟು ಗಂಟೆಯ ದುಡಿಮೆ, ಇತರ ಸಾರ್ವಜನಿಕ ಉದ್ದಿಮೆಗಳಿಗೆ ಸಮನಾದ ವೇತನ ಅವರ ಬೇಡಿಕೆಗಳಾಗಿದ್ದವು. ಮುಂದಾಳು ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಅವರು ಅಧ್ಯಕ್ಷರಾಗಿದ್ದುದು ಗಿರಿಯವರೇ ಕಟ್ಟಿದ್ದ ಒಕ್ಕೂಟಕ್ಕೆ. ಮುಷ್ಕರ ಆರಂಭವಾಗುವ ಮೊದಲೇ ಫರ್ನಾಂಡಿಸ್ ಬಂಧಿತರಾದರು. ಸಾವಿರಾರು ಮಂದಿ ಸೆರೆಮನೆ ಸೇರಿದರು, ಸಾವಿರಾರು ಮಂದಿ ಕೆಲಸ ಕಳೆದುಕೊಂಡರು, ರೈಲ್ವೆ ವಸತಿಗೃಹಗಳಿಂದ ಕುಟುಂಬಗಳನ್ನು ಹೊರಹಾಕಲಾಯಿತು. ಮೇ 27ರ ವೇಳೆಗೆ ಮುಷ್ಕರ ಕುಸಿಯಿತು. ಸಂಪುಟದ ಸಲಹೆಗೆ ಬದ್ಧನಾದ ರಾಷ್ಟ್ರಪತಿಗೆ ಸಂವಿಧಾನ ಹೆಚ್ಚಿನ ಅವಕಾಶ ಕೊಡುವುದಿಲ್ಲ ಎಂಬುದು ನಿಜ. ಆದರೂ 1954ರಲ್ಲಿ ರಾಜೀನಾಮೆ ಬರೆದ ಕೈ ಇದೇ ಅಲ್ಲವೇ ಎಂಬ ಪ್ರಶ್ನೆ ರೈಲ್ವೆ ಕಾಲೊನಿಗಳಲ್ಲಿ ಎದ್ದಿದ್ದರೆ ಆಶ್ಚರ್ಯವಿಲ್ಲ. ವಜಾಗೊಂಡವರಿಗೆ 1977ರ ಜನತಾ ಸರ್ಕಾರ ಮರಳಿ ಕೆಲಸ ಕೊಟ್ಟಿತು. 1979ರಲ್ಲಿ ಬೋನಸ್ಸೂ ಬಂತು.

1974ರ ಆಗಸ್ಟ್‌ನಲ್ಲಿ ನಿವೃತ್ತರಾದ ಗಿರಿಯವರಿಗೆ ಮರುವರ್ಷ ಭಾರತರತ್ನ ಸಂದಿತು. ಅವರ ಜೀವಿತಕಾಲದಲ್ಲಿಯೇ, 1978ರ ಫೆಬ್ರವರಿ 21ರಂದು, ಕರ್ನಾಟಕದ ನೌಕರರು ಹೂಡಿದ್ದ ಮೊಕದ್ದಮೆಯೊಂದು ಗೆದ್ದಿತು. ದುರ್ನಡತೆಯ ಹೆಸರಿನಲ್ಲಿ ತಮ್ಮಿಂದ ದಂಡ ವಸೂಲು ಮಾಡಿದ್ದನ್ನು ಬೆಂಗಳೂರು ಜಲಮಂಡಳಿಯ ನೌಕರರು ಕಾರ್ಮಿಕ ನ್ಯಾಯಾಲಯದಲ್ಲಿ ಪ್ರಶ್ನಿಸಿದ್ದರು. ತಾನು ಸಾರ್ವಜನಿಕ ಸೇವೆ ಮಾಡುವ ಸಂಸ್ಥೆ, ಉದ್ದಿಮೆಯಲ್ಲ ಎಂದು ಮಂಡಳಿ ವಾದಿಸಿತು. ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಆ ವಾದವನ್ನು ತಳ್ಳಿಹಾಕಿತು. ನೀರು ಬಿಡುವವರು, ಒಳಚರಂಡಿ ನೋಡಿಕೊಳ್ಳುವವರು, ಪುರಸಭೆಯ ಕೆಲಸಗಾರರು ಕಾರ್ಮಿಕ ಕಾನೂನಿನ ರಕ್ಷಣೆಯನ್ನು ಕೇಳಲು ಅದರಿಂದ ದಾರಿಯಾಯಿತು. ಮೈಸೂರಿನ ಕೊಳಚೆ ನೀರನ್ನು ಶುದ್ಧೀಕರಿಸುವ ಘಟಕಗಳಲ್ಲಿ ಒಂದು ಇರುವುದು ಕೆಸರೆಯಲ್ಲಿ. ಅಂತಹ ಕೆಲಸ ಮಾಡುವವನು ಕಾರ್ಮಿಕನೇ ಅಲ್ಲವೇ ಎಂಬುದೇ ಆ ಮೊಕದ್ದಮೆಯ ತಿರುಳಾಗಿತ್ತು.

ಗಿರಿಯವರು 1980ರ ಜೂನ್ 24ರಂದು ಮದ್ರಾಸಿನಲ್ಲಿ ನಿಧನರಾದರು. ದೆಹಲಿಯ ಹೊರವಲಯದ ನೊಯಿಡಾದಲ್ಲಿರುವ ರಾಷ್ಟ್ರೀಯ ಕಾರ್ಮಿಕ ಸಂಸ್ಥೆಗೆ 1995ರಲ್ಲಿ ಅವರ ಹೆಸರನ್ನು ಇಡಲಾಯಿತು.