ಬೆಡ್‌ಪ್ಯಾನ್ ತೊಳೆದ ಕೈ, ರಂಜಕ ಅಳೆದ ಕೈ

ಹೈದರಾಬಾದಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ಬೀದರ್, ಕಲಬುರಗಿ, ಯಾದಗಿರಿ ಕಡೆಯಿಂದ ಕಿಡ್ನಿ ತೊಂದರೆಗೆಂದು ಇಲ್ಲಿಗೆ ಬರುವವರು ಬಹಳ. ಕೌಂಟರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ನಾನೇ ಎದ್ದು ಹೋಗುತ್ತೇನೆ. ಇಪ್ಪತ್ನಾಲ್ಕು ಗಂಟೆಯ ಮೂತ್ರವನ್ನು ಕ್ಯಾನಿನಲ್ಲಿ ಹಿಡಿದು ತನ್ನಿ ಎಂದರೆ ಹಲವರಿಗೆ ಮುಜುಗರ. ಹೊರಗೆ ಹೋಗುವ ಹೊಲಸಿನಲ್ಲಿ ನೋಡುವುದಕ್ಕೆ ಏನಿದೆ ಎಂಬ ಅನುಮಾನ ಅವರ ಮುಖದಲ್ಲೇ ಕಾಣುತ್ತದೆ.

ಇರುವುದು ಬೇಕಾದಷ್ಟು. ಆರೋಗ್ಯವಂತರ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದದ್ದನ್ನೆಲ್ಲ ರಕ್ತಕ್ಕೆ ಮರಳಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಡುತ್ತವೆ. ಅದರಲ್ಲಿ ಯೂರಿಯಾ, ಕ್ರಿಯಾಟಿನಿನ್, ರಂಜಕ ಅಂದರೆ ಫಾಸ್ಪರಸ್ ಎಷ್ಟೆಷ್ಟು ಹೋಯಿತು ಎಂದು ಅಳೆದರೆ ಒಳಗಿನ ಸಂಸಾರ ಹೇಗೆ ನಡೆಯುತ್ತಿದೆ ಎಂಬುದು ತಿಳಿಯುತ್ತದೆ. ಕಿಡ್ನಿ ಸೋತಾಗ ರಂಜಕ ರಕ್ತದಲ್ಲೇ ಉಳಿದು ಏರುತ್ತದೆ, ಮೂಳೆ ಸವೆಯುತ್ತದೆ, ಮೈ ತುರಿಸುತ್ತದೆ. ಈ ರಂಜಕವನ್ನು ಸುಲಭವಾಗಿ, ಕರಾರುವಾಕ್ಕಾಗಿ ಅಳೆಯುವ ವಿಧಾನವನ್ನು ಲೋಕಕ್ಕೆ ಕೊಟ್ಟ ಇಬ್ಬರಲ್ಲಿ ಒಬ್ಬರು ನಮ್ಮ ಪಕ್ಕದ ಸೀಮೆಯವರು. ಹೆಸರು ಯಲ್ಲಾಪ್ರಗಡ ಸುಬ್ಬರಾವ್. ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಓದಿದವರಿಗೆ ಫಿಸ್ಕೆ–ಸುಬ್ಬರಾವ್ ವಿಧಾನ ಪ್ರಾಕ್ಟಿಕಲ್ ಪುಸ್ತಕದ ಒಂದು ಪುಟ. ಆ ಹೆಸರಿನ ಹಿಂದಿನ ಮನುಷ್ಯ ಯಾರೆಂದು ನನಗೆ ತಿಳಿದದ್ದು ಇಲ್ಲಿನ ತೆಲುಗು ಸಹೋದ್ಯೋಗಿಗಳಿಂದ. ಆಮೇಲೆ ಹುಡುಕಿ ಹುಡುಕಿ ಓದಿದೆ.

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಭೀಮಾವರಂನಲ್ಲಿ. ಮನೆಯಲ್ಲಿ ಬಡತನ. ಹುಡುಗ ಓದಿನಲ್ಲಿ ಅಂಥ ಜಾಣನೇನೂ ಆಗಿರಲಿಲ್ಲ. ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಸಾಹುಕಾರನಾಗುತ್ತೇನೆಂದು ಕಾಶಿಗೆ ಓಡಿಹೊರಟವನನ್ನು ತಾಯಿ ವೆಂಕಮ್ಮ ನಡುದಾರಿಯಿಂದ ಎಳೆದು ತಂದರು. ಮೆಟ್ರಿಕ್ ಪಾಸಾಗಲು ಮೂರು ಸಲ ಕೂರಬೇಕಾಯಿತು. ಓದಿಸಲು ತಾಯಿ ಒಡವೆ ಮಾರಿದರು.

ಮದ್ರಾಸ್ ಮೆಡಿಕಲ್ ಕಾಲೇಜಿನ ಫೀಸಿಗೆ ಸ್ನೇಹಿತರು ನೆರವಾದರು, ಮುಂದೆ ಮಾವ ಕಸ್ತೂರಿ ಸೂರ್ಯನಾರಾಯಣ ಮೂರ್ತಿಯವರು ಕೈಹಿಡಿದರು. ಗಾಂಧೀಜಿಯ ಕರೆಗೆ ಓಗೊಟ್ಟು ಆಪರೇಷನ್ ಕೋಣೆಗೆ ಖಾದಿ ಗೌನು ತೊಟ್ಟು ಹೋದದ್ದು ಇಂಗ್ಲಿಷ್ ಸರ್ಜರಿ ಪ್ರೊಫೆಸರ್ ಬ್ರಾಡ್‌ಫೀಲ್ಡರಿಗೆ ಸರಿಬರಲಿಲ್ಲ. ಕೊನೆಗೆ ಸಿಕ್ಕಿದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್. ಸರ್ಕಾರಿ ವೈದ್ಯ ಸೇವೆಯ ಬಾಗಿಲು ಮುಚ್ಚಿತು. ಮದ್ರಾಸಿನ ಆಯುರ್ವೇದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾ ಕೆಲಕಾಲ ಕಳೆದರು.

ಅಷ್ಟರಲ್ಲಿ ಮನೆಯ ಮೇಲೆ ಸಿಡಿಲು ಬಡಿಯಿತು. ಟ್ರಾಪಿಕಲ್ ಸ್ಪ್ರೂ ಎಂಬ ಭೇದಿ ಕಾಯಿಲೆ. ತಿಂದದ್ದು ಮೈಗೆ ಹತ್ತದೆ, ರಕ್ತ ಬತ್ತಿ ಮನುಷ್ಯ ಸೊರಗಿ ಹೋಗುತ್ತಾನೆ. 1921ರಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಸಹೋದರರು ಅದಕ್ಕೆ ಬಲಿಯಾದರು. ವೈದ್ಯಕೀಯ ಓದಿಯೂ ಕೈಕಟ್ಟಿ ನೋಡಬೇಕಾದ ಸಂಕಟ ಅವರನ್ನು ಜೀವನಪೂರ್ತಿ ಬಿಟ್ಟಂತೆ ಕಾಣುವುದಿಲ್ಲ.

1922ರ ಅಕ್ಟೋಬರಿನಲ್ಲಿ ಬಾಸ್ಟನ್ ತಲುಪಿದರು. ದಾನಿಗಳ ಟ್ರಸ್ಟಿನ ನೆರವು, ಮಾವನ ಹಣ ಸೇರಿ ಹಡಗಿನ ದಾರಿ ಸಾಗಿತ್ತು. ಹಾರ್ವರ್ಡ್‌ನಲ್ಲಿ ಉಷ್ಣವಲಯದ ಕಾಯಿಲೆಗಳ ಡಿಪ್ಲೊಮಾಕ್ಕೆ ಸೀಟೇನೋ ಸಿಕ್ಕಿತು, ವಿದ್ಯಾರ್ಥಿವೇತನ ಸಿಗಲಿಲ್ಲ. ಊರಿನ ಡಾಕ್ಟರಿಕೆ ಅಲ್ಲಿ ನಡೆಯಲಿಲ್ಲ. ಹೊಟ್ಟೆಪಾಡಿಗೆ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಪೋರ್ಟರ್ ಆದರು. ರೋಗಿಗಳ ಬೆಡ್‌ಪ್ಯಾನ್, ಮೂತ್ರದ ಪಾತ್ರೆ ತೊಳೆದಿಡುವುದು ಕೆಲಸ. ಖಾದಿ ಗೌನು ಬಿಡದ ಮನುಷ್ಯ ಈ ಕೆಲಸಕ್ಕೆ ನಾಚಲಿಲ್ಲ.

ಡಿಪ್ಲೊಮಾ ಮುಗಿಸಿ ಹಾರ್ವರ್ಡ್‌ನ ಜೀವರಸಾಯನ ವಿಭಾಗ ಸೇರಿದರು. ಅಲ್ಲಿನ ಮುಖ್ಯಸ್ಥ ಆಟೋ ಫೋಲಿನ್, ಸ್ವೀಡನ್ನಿನಿಂದ ಹುಡುಗನಾಗಿದ್ದಾಗಲೇ ವಲಸೆ ಬಂದವರು. ಮೂತ್ರದಲ್ಲಿ ಏನೇನು ಎಷ್ಟೆಷ್ಟು ಇರುತ್ತದೆ ಎಂಬುದನ್ನು ಲೆಕ್ಕಕ್ಕೆ ತಂದವರಲ್ಲಿ ಅವರದು ದೊಡ್ಡ ಹೆಸರು. ಅದೇ ವಿಭಾಗದ ಸೈರಸ್ ಫಿಸ್ಕೆ ಜೊತೆ ಸುಬ್ಬರಾವ್ ರಂಜಕದ ಬೆನ್ನು ಹತ್ತಿದರು. ಆಗಲೂ ವಿಧಾನಗಳಿದ್ದವು, ಆದರೆ ಬಣ್ಣ ನಿಧಾನವಾಗಿ ಬರುತ್ತಿತ್ತು, ಬಂದದ್ದು ನಿಲ್ಲುತ್ತಿರಲಿಲ್ಲ. ಇವರು ಕಂಡುಕೊಂಡ ದಾರಿ ಹೀಗೆ: ಮೂತ್ರಕ್ಕೆ, ಇಲ್ಲವೇ ಪ್ರೋಟೀನ್ ತೆಗೆದ ರಕ್ತದ ಸೋಸಿಗೆ, ಆಮ್ಲದಲ್ಲಿ ಕರಗಿಸಿದ ಅಮೋನಿಯಂ ಮಾಲಿಬ್ಡೇಟ್ ಹಾಕಬೇಕು. ಅದು ರಂಜಕದೊಂದಿಗೆ ಕೂಡಿಕೊಳ್ಳುತ್ತದೆ. ಆಮೇಲೆ ಅಮಿನೋನ್ಯಾಫ್ತಾಲ್ ಸಲ್ಫೋನಿಕ್ ಆಮ್ಲ ಬೆರೆಸಿದರೆ ಕೆಲವೇ ನಿಮಿಷದಲ್ಲಿ ನೀಲಿ ಬಣ್ಣ ಏಳುತ್ತದೆ. ನೀಲಿ ಗಾಢವಾದಷ್ಟೂ ರಂಜಕ ಹೆಚ್ಚು. 1925ರಲ್ಲಿ ಪ್ರಕಟವಾದ ಈ ಪ್ರಬಂಧ ಜೀವರಸಾಯನ ಶಾಸ್ತ್ರದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡವುಗಳಲ್ಲಿ ಒಂದು. ಇಂದು ದೊಡ್ಡ ಲ್ಯಾಬುಗಳಲ್ಲಿ ಯಂತ್ರಗಳು ಬಣ್ಣಕ್ಕೂ ಕಾಯದೆ ಅಳೆದುಬಿಡುತ್ತವೆ. ಆದರೂ ಅವುಗಳಲ್ಲಿ ಬಳಸುವುದು ಅದೇ ಮಾಲಿಬ್ಡೇಟನ್ನು.

ಈ ನೀಲಿ ಬಣ್ಣವೇ ಮುಂದಿನ ದಾರಿ ತೋರಿಸಿತು. ಸ್ನಾಯುವಿನ ಸೋಸಿಯನ್ನು ಅಳೆಯುವಾಗ ಬಣ್ಣ ಒಮ್ಮೆಗೇ ಬಾರದೆ ನಿಧಾನವಾಗಿ ಏರುತ್ತಾ ಹೋಯಿತು. ಪರೀಕ್ಷೆ ಕೆಟ್ಟಿತು ಎಂದು ಚೆಲ್ಲಬಹುದಿತ್ತು. ಅವರು ಚೆಲ್ಲಲಿಲ್ಲ. ಯಾವುದೋ ವಸ್ತು ಆಮ್ಲದಲ್ಲಿ ಮೆಲ್ಲಗೆ ಒಡೆದು ರಂಜಕ ಬಿಟ್ಟುಕೊಡುತ್ತಿದೆ ಎಂದು ಬೆನ್ನುಹತ್ತಿ, 1927ರಲ್ಲಿ ಫಾಸ್ಫೋಕ್ರಿಯಾಟಿನ್ ಅನ್ನು ಗುರುತಿಸಿದರು. ನಾವು ಏಳುವಾಗ, ಓಡುವಾಗ ಸ್ನಾಯುವಿಗೆ ಥಟ್ಟನೆ ಶಕ್ತಿ ಒದಗಿಸುವ ಉಳಿತಾಯದ ಗಂಟು ಅದು. ಅದರಿಂದಲೂ ಕ್ರಿಯಾಟಿನ್‌ನಿಂದಲೂ ದಿನವೂ ಒಂದಿಷ್ಟು ತಾನಾಗಿಯೇ ಕ್ರಿಯಾಟಿನಿನ್ ಆಗಿ ಮೂತ್ರದಲ್ಲಿ ಹೊರಹೋಗುತ್ತದೆ. ಕಿಡ್ನಿ ರಿಪೋರ್ಟ್ ಕೈಗೆ ಬಂದೊಡನೆ ಎಲ್ಲರೂ ಮೊದಲು ಹುಡುಕುವ ಸಾಲು ಅದೇ ತಾನೆ? 1929ರಲ್ಲಿ ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿಯನ್ನೂ ಬೇರ್ಪಡಿಸಿದರು. ಜರ್ಮನಿಯ ಲೋಹ್ಮನ್ ಅದೇ ವರ್ಷ ಸ್ವತಂತ್ರವಾಗಿ ಅದನ್ನು ಕಂಡಿದ್ದರು.

1930ರಲ್ಲಿ ಪಿಎಚ್‌.ಡಿ. ಬಂತು, ಹಾರ್ವರ್ಡ್‌ನಲ್ಲಿ ಖಾಯಂ ಹುದ್ದೆ ಬರಲಿಲ್ಲ. ಸುಬ್ಬರಾವ್ ಬೇರ್ಪಡಿಸಿದ್ದ ಕೆಲವು ವಸ್ತುಗಳನ್ನು ವರ್ಷಗಳ ನಂತರ ಬೇರೆಯವರು ಹೊಸದಾಗಿ ಕಂಡುಹಿಡಿಯಬೇಕಾಯಿತು. ಆ ಕೆಲಸ ಬೆಳಕಿಗೆ ಬಾರದಿರಲು ಫಿಸ್ಕೆಯ ಅಸೂಯೆಯೇ ಕಾರಣ ಎಂದವರು, ಅದೇ ವಿಭಾಗದಲ್ಲಿ ಓದಿ 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್. ಸುಬ್ಬರಾವ್ ಮಾತ್ರ ತಮ್ಮ ಹೆಸರಿಗಾಗಿ ಜಗಳವಾಡಿದವರಲ್ಲ.

1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಕಂಪನಿ ಸೇರಿ, ಅದರ ಸಂಶೋಧನಾ ನಿರ್ದೇಶಕರಾದರು. ಮುಂದಿನ ಎಂಟು ವರ್ಷಗಳ ಕೆಲಸ ನೋಡಿದರೆ ಬೆರಗಾಗುತ್ತದೆ. ಅವರ ತಂಡ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲಿ ತಯಾರಿಸಿತು. ಸಹೋದರರನ್ನು ಕೊಂದ ಸ್ಪ್ರೂಗೆ ಅದು ಮದ್ದಾಯಿತು. 1947ರಲ್ಲಿ ಆನೆಕಾಲು ರೋಗಕ್ಕೆ ಡಿಇಸಿ ಔಷಧ ಬಂತು. ಆ ರೋಗದಲ್ಲಿ ಕೆಲವರಿಗೆ ಮೂತ್ರ ಹಾಲಿನಂತೆ ಬೆಳ್ಳಗೆ ಹೋಗುವುದುಂಟು. ಬೀದರ್, ಕಲಬುರಗಿ, ಯಾದಗಿರಿ ಕಡೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ನುಂಗಿಸುವ ಮಾತ್ರೆಗಳಲ್ಲಿ ಅದೂ ಇದೆ. ಟೆಟ್ರಾಸೈಕ್ಲಿನ್ ಬಳಗದ ಮೊದಲ ಔಷಧ ಆರಿಯೊಮೈಸಿನ್ ಹೊರಬಂದದ್ದೂ ಅವರ ಉಸ್ತುವಾರಿಯ ಕಾಲದಲ್ಲಿ, ಅವರದೇ ಸಂಸ್ಥೆಯ ಬೆಂಜಮಿನ್ ಡಗ್ಗರ್ ಅವರಿಂದ. ಫೋಲಿಕ್ ಆಮ್ಲವನ್ನೇ ಹೋಲುವ, ಆದರೆ ಅದಕ್ಕೆ ಅಡ್ಡಗಾಲು ಹಾಕುವ ಔಷಧಗಳನ್ನೂ ಅವರ ತಂಡ ತಯಾರಿಸಿತು. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವುಗಳಿಂದಲೇ ರಕ್ತ ಕ್ಯಾನ್ಸರಿನ ಮಕ್ಕಳಿಗೆ, ತಾತ್ಕಾಲಿಕವಾದರೂ, ಮೊದಲ ಬಾರಿಗೆ ಚೇತರಿಕೆ ತಂದರು. ಅದೇ ಬಳಗದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ.

ಲ್ಯಾಬಿನವನಾಗಿ ನನ್ನನ್ನು ತಡೆದು ನಿಲ್ಲಿಸುವುದು ಈ ಮೆಥೊಟ್ರೆಕ್ಸೇಟ್. ಅದು ದೇಹದಿಂದ ಹೊರಹೋಗುವುದು ಹೆಚ್ಚಾಗಿ ಕಿಡ್ನಿಯ ಮೂಲಕ. ಕಿಡ್ನಿ ಸೋತಿದ್ದರೆ ಔಷಧ ಒಳಗೇ ಉಳಿದು ವಿಷವಾಗುತ್ತದೆ. ಹಾಗಾಗಿ ಕೊಡುವ ಮುನ್ನ ಡಾಕ್ಟರು ನಮ್ಮಿಂದ ಕ್ರಿಯಾಟಿನಿನ್ ರಿಪೋರ್ಟ್ ತರಿಸಿಕೊಳ್ಳುತ್ತಾರೆ. ಔಷಧವೂ ಸುಬ್ಬರಾವ್ ತಂಡದ್ದು. ಅದು ಎಷ್ಟು ಕೊಡಬಹುದೆಂದು ಹೇಳುವ ಕ್ರಿಯಾಟಿನಿನ್‌ನ ಮೂಲವನ್ನು ಸ್ನಾಯುವಿನಲ್ಲಿ ತೋರಿಸಿಕೊಟ್ಟವರಲ್ಲೂ ಅವರೊಬ್ಬರು. ರಿಪೋರ್ಟಿನಲ್ಲಿ ಮಾತ್ರ ಅವರ ಹೆಸರಿಲ್ಲ.

ಹೊರಟಾಗ ಹೆಂಡತಿ ಶೇಷಗಿರಿ ಅವರಿಗೆ ಕೆಲವೇ ವರ್ಷಗಳಲ್ಲಿ ಬರುತ್ತೇನೆಂದು ಹೇಳಿದ್ದರು. ಅವರು ಹೋದ ಮೇಲೆ ಹುಟ್ಟಿದ ಮಗು ಕೂಸಿರುವಾಗಲೇ ತೀರಿಕೊಂಡಿತು. ಅದರ ಮುಖವನ್ನು ಅವರು ನೋಡಲೇ ಇಲ್ಲ. ಇನ್ನೊಂದು ವರ್ಷ, ಇನ್ನೊಂದು ಪ್ರಯೋಗ ಎನ್ನುತ್ತಾ ಇಪ್ಪತ್ತಾರು ವರ್ಷ ಕಳೆದವು. ಹೊರರಾಜ್ಯದಲ್ಲಿ ದುಡಿಯುವ ನಮಗೆ ಈ ಲೆಕ್ಕ ಹೊಸದಲ್ಲ. ಹಬ್ಬಕ್ಕೆ ಬರುತ್ತೇವೆಂದು ಹೇಳಿ ರಜೆ ಮುಂದೂಡುವ ನಮ್ಮ ಕಥೆ ಒಂದು ರಾತ್ರಿಯ ಬಸ್ಸಿನಷ್ಟು ದೂರದ್ದು. ಅವರದು ಸಮುದ್ರದಾಚೆಯದು. ಅವರು ಮನುಕುಲಕ್ಕೆ ಕೊಟ್ಟದ್ದರ ಲೆಕ್ಕ ಬರೆಯುವಾಗ, ಶೇಷಗಿರಿಯವರು ಕಾದ ವರ್ಷಗಳನ್ನೂ ಅದೇ ಪುಟದಲ್ಲಿ ಬರೆಯಬೇಕು ಎನಿಸುತ್ತದೆ ನನಗೆ.

ಅಮೆರಿಕದ ಪೌರತ್ವವನ್ನು ಸುಬ್ಬರಾವ್ ಕೊನೆಗೂ ಪಡೆಯಲಿಲ್ಲ. ಭಾರತ ಸ್ವತಂತ್ರವಾಗಿ ಒಂದು ವರ್ಷ ತುಂಬುವುದರೊಳಗೆ, 1948ರ ಆಗಸ್ಟ್‌ನಲ್ಲಿ, ಪರ್ಲ್ ರಿವರ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 53. ಶತಮಾನೋತ್ಸವದ ಹೊತ್ತಿಗೆ, 1995ರಲ್ಲಿ, ನಮ್ಮ ಅಂಚೆ ಇಲಾಖೆ ಅವರ ಚಿತ್ರದ ಒಂದು ಸ್ಟಾಂಪ್ ತಂದಿತು. ಊರು ಬಿಟ್ಟು ಹೋಗಿ ಎಪ್ಪತ್ತಮೂರು ವರ್ಷಗಳಾದ ಮೇಲೆ ಊರಿನ ಕಾಗದಗಳ ಮೇಲೆ ಅವರ ಮುಖ ಓಡಾಡಿತು.