ಮೊಳಕೆಯ ತುದಿಯೂ ಡಾರ್ವಿನ್ ಪಂಡಿತನೂ

ಚಾರ್ಲ್ಸ್ ಡಾರ್ವಿನನು 1809ನೆಯ ಇಸವಿಯಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಊರಿನಲ್ಲಿ ವೈದ್ಯನೊಬ್ಬನ ಮಗನಾಗಿ ಜನಿಸಿದನು. ವೈದ್ಯವಿದ್ಯೆಯು ಈತನಿಗೆ ರುಚಿಸಲಿಲ್ಲ. ಈತನ ಐದು ವರ್ಷಗಳ ಸಮುದ್ರಯಾನವನ್ನೂ, 1859ರಲ್ಲಿ ಪ್ರಕಟವಾಗಿ ಲೋಕವನ್ನೇ ಕಲಕಿದ ಗ್ರಂಥವನ್ನೂ ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು. ನಾನು ಇಲ್ಲಿ ಹೇಳಹೊರಟಿರುವುದು ಆತನ ಮುಪ್ಪಿನ ಕಾಲದ ಕೆಲಸವನ್ನು.

ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯಲ್ಲಿ 1842ರಿಂದ ನೆಲಸಿದ್ದ ಡಾರ್ವಿನನು ಬಹುಕಾಲ ಅಸ್ವಸ್ಥನಾಗಿಯೇ ಇದ್ದನು. ವಯಸ್ಸು ಎಪ್ಪತ್ತನ್ನು ಸಮೀಪಿಸಿದಾಗ, ಮಗನಾದ ಫ್ರಾನ್ಸಿಸನ ನೆರವಿನಿಂದ, ಗಿಡವು ಬೆಳಕಿನ ಕಡೆಗೆ ಬಾಗುವ ಬಗೆಯನ್ನು ಪರೀಕ್ಷಿಸತೊಡಗಿದನು. ಕಿಟಕಿಯ ಬಳಿಯಲ್ಲಿಟ್ಟ ಸಸಿಯು ಹೊರಗಡೆಗೆ ವಾಲುವುದನ್ನು ಕಾಣದ ಗೃಹಿಣಿಯು ಯಾರು? ಕಂಡು ಸುಮ್ಮನಿರುವುದೇ ನಮ್ಮ ವಾಡಿಕೆ. ಈತನಾದರೋ ಕೆನರಿ ಹುಲ್ಲಿನ ಎಳೆಯ ಮೊಳಕೆಗಳನ್ನು ಆರಿಸಿಕೊಂಡು, ಕೆಲವುಗಳ ತುದಿಗೆ ಕಪ್ಪು ಬಳಿದ ಗಾಜಿನ ಕೊಳವೆಯನ್ನು ಟೋಪಿಯಂತೆ ತೊಡಿಸಿದನು. ಮತ್ತೆ ಕೆಲವಕ್ಕೆ ಬಣ್ಣ ಬಳಿಯದ ಕೊಳವೆಯನ್ನು ತೊಡಿಸಿದನು. ಒಂದೇ ಪಕ್ಕದಿಂದ ಬೆಳಕು ಬೀಳುವಂತೆ ಇಟ್ಟಾಗ ಕಪ್ಪು ಟೋಪಿಯವು ನೆಟ್ಟಗೆ ನಿಂತವು, ಉಳಿದವು ಬಾಗಿದವು. ಬುಡವನ್ನು ಕಪ್ಪು ಮರಳಿನಲ್ಲಿ ಹೂಳಿ ತುದಿಯನ್ನು ಮಾತ್ರ ಬೆಳಕಿಗೆ ಬಿಟ್ಟಾಗ, ಹೂಳಿದ್ದ ಭಾಗವೂ ಬಾಗಿತು! ಬೆಳಕನ್ನು ಅರಿಯುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ. ಆದುದರಿಂದ ತುದಿಯಿಂದ ಯಾವುದೋ ಒಂದು ಪ್ರಭಾವವು ಕೆಳಗಿಳಿಯುತ್ತಿರಬೇಕೆಂದು ಆತನು ನಿರ್ಣಯಿಸಿದನು. ಬೇರಿನಲ್ಲಿಯೂ ಇದೇ ಕ್ರಮ. ತುದಿ ಕತ್ತರಿಸಿದ ಬೇರನ್ನು ಅಡ್ಡಲಾಗಿ ಇಟ್ಟರೆ ಅದು ನೆಲದ ಕಡೆಗೆ ತಿರುಗದೆ ಬೆಳೆಯಿತು. ಕೆಲವು ದಿನಗಳಲ್ಲಿ ಹೊಸ ತುದಿ ಮೂಡಿದ ಬಳಿಕ ಮತ್ತೆ ಕೆಳಕ್ಕೆ ತಿರುಗಿತು.

ಇದೆಲ್ಲವೂ 1880ರಲ್ಲಿ ಗ್ರಂಥವಾಗಿ ಹೊರಬಂದಿತು. ಜರ್ಮನಿಯ ಯೂಲಿಯಸ್ ಸಾಕ್ಸನು ಆ ಕಾಲದ ಸಸ್ಯಶಾಸ್ತ್ರಜ್ಞರಲ್ಲಿ ಅಗ್ರಗಣ್ಯನು. ಫ್ರಾನ್ಸಿಸನು ಆತನ ಪ್ರಯೋಗಶಾಲೆಯಲ್ಲಿಯೇ ಕೆಲಸ ಮಾಡಿದ್ದವನು. ಆ ಸಾಕ್ಸನೇ ತಂದೆ ಮಕ್ಕಳ ಪ್ರಯೋಗಗಳು ಕೌಶಲವಿಲ್ಲದವೆಂದೂ ಅವರು ಮಾಡಿದ ಅರ್ಥವು ತಪ್ಪೆಂದೂ ಕಟುವಾಗಿ ಬರೆದನು. ಬೇರಿನ ತುದಿಯನ್ನು ಕತ್ತರಿಸುವುದು ನಾಜೂಕಿನ ಕೆಲಸವೆಂಬುದು ನಿಜವೇ. ಆದರೂ ಅಷ್ಟು ಬಿರುನುಡಿ ಬೇಕಿರಲಿಲ್ಲವೆಂದು ನನಗೆ ತೋರುತ್ತದೆ. ವಾದವು ತೀರುವುದಕ್ಕೆ ಮುಂಚೆಯೇ, 1882ರ ಏಪ್ರಿಲ್ ತಿಂಗಳಿನಲ್ಲಿ, ಡಾರ್ವಿನನು ಕಾಲವಾದನು.

ಮುಂದೆ ಡೆನ್ಮಾರ್ಕಿನ ಬೊಯ್ಸನ್ ಯೆನ್ಸನನು, ಕತ್ತರಿಸಿದ ತುದಿಯನ್ನು ನಡುವೆ ಜೆಲಟಿನ್ ಇಟ್ಟು ಕೂಡಿಸಿದರೂ ಮೊಳಕೆಯು ಬಾಗುವುದನ್ನು ತೋರಿಸಿದನು. 1926ರಲ್ಲಿ ಹಾಲೆಂಡಿನ ವೆಂಟನು ತುದಿಯಿಂದ ಇಳಿಯುವ ವಸ್ತುವನ್ನೇ ಅಗರ್ ತುಂಡುಗಳಲ್ಲಿ ಹಿಡಿದನು. ಆಕ್ಸಿನ್ ಎಂದು ಅದರ ಹೆಸರು. ಅದು ನೆರಳಿನ ಮಗ್ಗುಲಿನಲ್ಲಿ ಹೆಚ್ಚಾಗಿ ಸೇರಿ ಆ ಮಗ್ಗುಲನ್ನು ಹೆಚ್ಚು ಬೆಳೆಸುವುದರಿಂದ ಮೊಳಕೆಯು ಬೆಳಕಿನತ್ತ ಬಾಗುತ್ತದೆ. ಅಡ್ಡ ಬಿದ್ದ ಬೇರಿನಲ್ಲಿಯಾದರೋ, ತುದಿಯ ಜೀವಕೋಶಗಳೊಳಗಿನ ಪಿಷ್ಟದ ಕಣಗಳು ಕೆಳಕ್ಕೆ ಜಾರಿ ಕುಳಿತು ದಿಕ್ಕನ್ನು ತಿಳಿಸುತ್ತವೆ. ಕೆಳಮಗ್ಗುಲಿನಲ್ಲಿ ಸೇರಿದ ಆಕ್ಸಿನ್ ಅಲ್ಲಿಯ ಬೆಳವಣಿಗೆಯನ್ನು ತಡೆಯುವುದರಿಂದ ಬೇರು ಭೂಮಿಯೊಳಕ್ಕೆ ತಿರುಗುತ್ತದೆ.