ಮಾಲೀಕನಿಗೂ ಬೆಲ್ ಹೊಡೆಯುತ್ತಿತ್ತು

ನಮ್ಮ ಶೆಟ್ಟಿಹಳ್ಳಿಯಿಂದ ಗುಬ್ಬಿಗೆ ಹೆಚ್ಚುಕಡಿಮೆ 20 ಕಿಲೋಮೀಟರ್. ಬಸ್ ಹತ್ತಿ ಕಿಟಕಿ ಪಕ್ಕ ಕೂತು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಊರು ಬಂದಿರುತ್ತದೆ. ಇಷ್ಟು ಹತ್ತಿರದ ಊರಿನ ಒಬ್ಬ ದೊಡ್ಡ ಮನುಷ್ಯನನ್ನು ನನ್ನ ವಯಸ್ಸಿನವರು ಬಹಳಷ್ಟು ಜನ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಒಂದು ಅಂಕದ ಪ್ರಶ್ನೆಯಾಗಿ ಓದಿ ಮುಗಿಸಿದ್ದೇವೆ. ‘ನಾಟಕರತ್ನ’ ಯಾರು? ಗುಬ್ಬಿ ವೀರಣ್ಣ. ಅಲ್ಲಿಗೆ ಮುಗಿಯಿತು. ಕೆಲವರಂತೂ ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಛತ್ರ ಕಟ್ಟಿಸಿದ ಗುಬ್ಬಿ ತೋಟದಪ್ಪನವರನ್ನೂ ವೀರಣ್ಣನವರನ್ನೂ ಒಬ್ಬರೇ ಅಂದುಕೊಂಡಿದ್ದಾರೆ. ತೋಟದಪ್ಪನವರು ವ್ಯಾಪಾರ ಮಾಡಿ ಗಳಿಸಿದ್ದನ್ನು ದಾನಕ್ಕೆ ಇಟ್ಟವರು. ವೀರಣ್ಣನವರದು ನಾಟಕದ ವ್ಯಾಪಾರ. ಕಲಾವಿದ ಅನ್ನುವ ಪದದ ಮರೆಯಲ್ಲಿ ಈ ‘ವ್ಯಾಪಾರ’ ಅನ್ನುವ ಮಾತು ಕಾಣದೆ ಹೋಗಿದೆ. ನನಗೆ ಕುತೂಹಲ ಹುಟ್ಟಿದ್ದು ಅದರಲ್ಲೇ.

ಕಾರಣ ಇದೆ. ನಮ್ಮ ಬೀದಿಯಲ್ಲೇ ಸ್ವಂತ ಕೆಲಸ ಮಾಡುವವರು ನಾಲ್ಕೈದು ಮಂದಿ ಇದ್ದೇವೆ. ಒಬ್ಬ ಮದುವೆ ವಿಡಿಯೊ ತೆಗೆಯುತ್ತಾನೆ, ಇನ್ನೊಬ್ಬಳು ಬ್ಲೌಸ್ ಹೊಲಿದು ಇನ್‌ಸ್ಟಾಗ್ರಾಂನಲ್ಲಿ ಮಾರುತ್ತಾಳೆ, ನಾನು ಮನೆಯಲ್ಲಿ ಕೂತು ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುತ್ತೇನೆ. ನಮಗೆ ಬಾಸ್ ಇಲ್ಲ, ಪಂಚಿಂಗ್ ಇಲ್ಲ, ರಜೆ ಚೀಟಿ ಇಲ್ಲ. ಅದೇ ಕಾರಣಕ್ಕೆ ಬೆಳಿಗ್ಗೆ ಎಷ್ಟು ಗಂಟೆಗೆ ಏಳಬೇಕು, ರಾತ್ರಿ ಯಾವಾಗ ನಿಲ್ಲಿಸಬೇಕು ಅನ್ನುವುದಕ್ಕೂ ಲಂಗುಲಗಾಮು ಇಲ್ಲ. ಮನೆಯವರ ಕಣ್ಣಿಗೆ ನಾವು ಯಾವಾಗಲೂ ಖಾಲಿ. ಸಿಲಿಂಡರ್ ಬರುವ ದಿನ ಕಾಯುವುದರಿಂದ ಹಿಡಿದು ಅಜ್ಜಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುವವರೆಗೆ ಎಲ್ಲವೂ ನಮ್ಮ ಪಾಲಿಗೇ. ಇಂಥ ಹೊತ್ತಿನಲ್ಲಿ ಆಯುಷ್ಯದ ಬಹುಪಾಲು ಯಾರ ಕೈಕೆಳಗೂ ದುಡಿಯದೆ, ನೂರಾರು ಜನಕ್ಕೆ ಅನ್ನ ಹಾಕಿದ ಮನುಷ್ಯ ದಿನವನ್ನು ಹೇಗೆ ಕಳೆದಿರಬಹುದು ಅನ್ನುವ ಪ್ರಶ್ನೆ ಬರುವುದು ಸಹಜ ತಾನೇ?

ಕಂಪನಿ ವೀರಣ್ಣನವರು ಹುಟ್ಟುಹಾಕಿದ್ದಲ್ಲ. ಗುಬ್ಬಿಯ ಚಂದಣ್ಣ ಮತ್ತು ಅವರ ಗೆಳೆಯರು 1884ರಲ್ಲಿ ಊರ ದೇವರು ಚನ್ನಬಸವೇಶ್ವರನ ಹೆಸರಿನಲ್ಲಿ ನಾಟಕ ಮಂಡಳಿ ಕಟ್ಟಿಕೊಂಡರು. ಸುಮಾರು ಏಳು ವರ್ಷದ ನಂತರ, 1891ರಲ್ಲಿ, ಹಂಪಣ್ಣನವರ ಮಗನಾಗಿ ವೀರಣ್ಣ ಹುಟ್ಟಿದರು. ಇನ್ನೂ ಸಣ್ಣ ಹುಡುಗನಾಗಿದ್ದಾಗಲೇ ಬಾಲನಟನಾಗಿ ಕಂಪನಿ ಸೇರಿದರು. ಇಲ್ಲಿ ಒಂದು ವಿಷಯ ಗಮನಿಸಬೇಕು. ನಾವು ಡಿಗ್ರಿ ಮುಗಿಸಿ, ಒಂದೆರಡು ವರ್ಷ ಯಾರ ಹತ್ತಿರವೋ ದುಡಿದು, ಬೇಸತ್ತು ಸ್ವಂತಕ್ಕೆ ಇಳಿಯುತ್ತೇವೆ. ಅವರು ಪರದೆ ಎಳೆಯುವ ಕಡೆಯಿಂದ, ಬಣ್ಣದ ಡಬ್ಬಿಯ ಕಡೆಯಿಂದ ಶುರು ಮಾಡಿ ಹತ್ತಿಪ್ಪತ್ತು ವರ್ಷ ಕಂಪನಿಯ ಒಳಗೇ ಬೆಳೆದರು. 1917ರಲ್ಲಿ ಕಂಪನಿಯ ಮಾಲೀಕತ್ವ ಕೈಗೆ ಬಂದಾಗ ವಯಸ್ಸು 26ರ ಆಸುಪಾಸು. ಈ ಪುಟ ಓದುವ ಎಷ್ಟೋ ಜನರ ವಯಸ್ಸು ಅದು.

ಆಗಿನ ವೃತ್ತಿ ನಾಟಕ ಕಂಪನಿ ಅಂದರೆ ಏನು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಕಥೆ ಅರ್ಥವಾಗುವುದಿಲ್ಲ. ಕಂಪನಿ ಒಂದು ಊರಿಗೆ ಬಂದರೆ ತಿಂಗಳುಗಟ್ಟಲೆ ಕ್ಯಾಂಪು. ತಗಡಿನ ಶೀಟು, ಬಿದಿರು, ಮರದ ಹಲಗೆ ಹಾಕಿ ಥಿಯೇಟರು ಕಟ್ಟಬೇಕು. ಒಳಗೆ ಮುಂದೆ ಕುರ್ಚಿ, ಹಿಂದೆ ಬೆಂಚು, ಕಾಸಿಲ್ಲದವರಿಗೆ ನೆಲದ ಟಿಕೆಟ್. ಪಕ್ಕದಲ್ಲೇ ಕಂಪನಿ ಮನೆ. ನಟರು, ಸಂಗೀತದವರು, ಪರದೆ ಬರೆಯುವವರು, ಬಡಗಿ, ದರ್ಜಿ, ಅಡುಗೆಯವರು, ಅವರ ಹೆಂಡತಿ ಮಕ್ಕಳು ಎಲ್ಲರಿಗೂ ಒಂದೇ ಅಡುಗೆಮನೆ. ಬೆಳಿಗ್ಗೆ ಹುಡುಗರಿಗೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಸ್ವರಾಭ್ಯಾಸ. ಆಮೇಲೆ ಮಾತಿನ ತಾಲೀಮು, ಹೊಸ ನಾಟಕವಿದ್ದರೆ ಅದರ ಪಾಠ. ಹಗಲಲ್ಲಿ ಊರೊಳಗೆ ತಮಟೆ ಬಡಿಸಿಕೊಂಡು ಗಾಡಿಯಲ್ಲಿ ಕರಪತ್ರ ಹಂಚಬೇಕು. ಮಧ್ಯಾಹ್ನ ಊಟ ಮಾಡಿ ಒಂದು ನಿದ್ದೆ. ಸಂಜೆ ಬಣ್ಣ. ರಾತ್ರಿ ಮೊದಲನೆ ಬೆಲ್, ಎರಡನೆ ಬೆಲ್, ಮೂರನೆ ಬೆಲ್, ನಾಂದಿ, ಪರದೆ ಮೇಲೆ. ಆಟ ಮುಗಿಯುವಾಗ ಕೋಳಿ ಕೂಗುವುದಕ್ಕೆ ಹೆಚ್ಚು ಹೊತ್ತು ಉಳಿದಿರುವುದಿಲ್ಲ. ಆಗ ಬಣ್ಣ ಅಳಿಸಿ, ಗಲ್ಲಾಪೆಟ್ಟಿಗೆ ಎಣಿಸಿ ಮಲಗಬೇಕು. ಬೆಳಿಗ್ಗೆ ಮತ್ತೆ ಅದೇ.

ಖರ್ಚು ದಿನದಿನವೂ ಖಚಿತ. ಅಕ್ಕಿ, ಬೇಳೆ, ಸೌದೆ, ಸಂಬಳ ಯಾವುದೂ ಕಾಯುವುದಿಲ್ಲ. ಕಲೆಕ್ಷನ್ ಮಾತ್ರ ಯಾವ ದಿನ ಎಷ್ಟು ಎಂದು ಯಾರೂ ಹೇಳಲಾರರು. ಮಳೆ ಬಂದರೆ ಆಟ ಇಲ್ಲ. ಸುಗ್ಗಿ ಮುಗಿದು ರೈತನ ಕೈಗೆ ದುಡ್ಡು ಬಂದರೆ ಹೌಸ್‌ಫುಲ್. ಪಕ್ಕದೂರಿಗೆ ಪ್ಲೇಗು ಬಂತೆಂಬ ಸುದ್ದಿ ಸಾಕು, ಬೆಂಚುಗಳೆಲ್ಲ ಖಾಲಿ. ನಮಗೆ ಪಾರ್ಟಿ ಪೇಮೆಂಟ್ ತಡ ಮಾಡಿದರೆ ಒಂದು ವಾರ ನಿದ್ದೆ ಬರುವುದಿಲ್ಲ. ಅಲ್ಲಿ ನೂರಾರು ಹೊಟ್ಟೆಗಳ ಪ್ರಶ್ನೆ. ಹೀಗಿರುವಾಗ ಮಾಲೀಕನ ಸ್ವಾತಂತ್ರ್ಯ ಎಲ್ಲಿತ್ತು?

ಬೇರೆ ಯಾವ ಮಾಲೀಕನಾದರೂ ಹಗಲೆಲ್ಲ ಲೆಕ್ಕ ನೋಡಿ ರಾತ್ರಿ ಬಾಲ್ಕನಿಯಲ್ಲಿ ಕೂತು ವೀಳ್ಯ ಹಾಕಿಕೊಳ್ಳಬಹುದಿತ್ತು. ವೀರಣ್ಣನವರಿಗೆ ಆ ಸೌಕರ್ಯ ಇರಲಿಲ್ಲ. ಅವರು ಕಂಪನಿಯ ಮುಖ್ಯ ಹಾಸ್ಯನಟ. ಜನ ಟಿಕೆಟ್ ಕೊಳ್ಳುತ್ತಿದ್ದುದೇ ಅವರ ಮುಖ ನೋಡಿ. ‘ಸದಾರಮೆ’ಯ ಕಳ್ಳನ ಪಾತ್ರ ಅವರಿಗೆ ಎಂಥ ಹೆಸರು ತಂದಿತೆಂದರೆ, ನಾಟಕದ ನಾಯಕ ಯಾರೆಂಬುದನ್ನೇ ಜನ ಮರೆತರು. ಹಾಗಾಗಿ ಸಂಜೆಯಾದರೆ ಮಾಲೀಕರೂ ಕನ್ನಡಿ ಮುಂದೆ ಕೂತು ಬಣ್ಣ ಹಚ್ಚಿಕೊಳ್ಳಲೇಬೇಕು. ಬೆಲ್ ಹೊಡೆದಾಗ ಹುಡುಗನೂ ಒಂದೇ, ಯಜಮಾನರೂ ಒಂದೇ. ಹಗಲು ಸಾಲಗಾರ ಬಂದು ಹೋಗಿರಲಿ, ಮನೆಯಲ್ಲಿ ಏನೇ ಆಗಿರಲಿ, ಆ ಹೊತ್ತಿಗೆ ಕಳ್ಳ ರಂಗದ ಮೇಲೆ ಬಂದು ಜನರನ್ನು ನಗಿಸಲೇಬೇಕಿತ್ತು.

ಆದರೆ ಆ ಪಾತ್ರದೊಳಗೆ ಇಳಿದ ಮೇಲೆ ಅವರಷ್ಟು ಸ್ವತಂತ್ರ ಮನುಷ್ಯ ಇನ್ನೊಬ್ಬ ಇರಲಿಲ್ಲ. ಕಳ್ಳ ಎಲ್ಲಿ ಬರಬೇಕು, ಸದಾರಮೆ ಅವನಿಂದ ಹೇಗೆ ಪಾರಾಗಬೇಕು ಅನ್ನುವುದು ಗೆರೆ ಹಾಕಿದಂತೆ ನಿಗದಿಯಾದದ್ದು. ನಡುವಿನ ಮಾತು ಮಾತ್ರ ಆಯಾ ರಾತ್ರಿಯದು. ಕ್ಯಾಂಪು ಹಾಕಿದ ಊರಿನ ಸುದ್ದಿ, ಅಲ್ಲಿನ ಸಂತೆ, ಆ ದಿನದ ರಗಳೆ ಎಲ್ಲವೂ ಕಳ್ಳನ ಬಾಯಲ್ಲಿ ಹೊಸದಾಗಿ ಹುಟ್ಟುತ್ತಿದ್ದವು. ಒಂದೇ ನಾಟಕವನ್ನು ಜನ ಮತ್ತೆ ಮತ್ತೆ ನೋಡಿದ್ದು ಅದಕ್ಕೇ. ನನಗಂತೂ ಇದು ಬಹಳ ಹಿಡಿಸಿದ ಸಂಗತಿ. ಕಥೆಯ ಚೌಕಟ್ಟು ಗಟ್ಟಿ ಇದ್ದದ್ದರಿಂದಲೇ ಮಾತು ಎಲ್ಲಿಗೆ ಬೇಕಾದರೂ ಹೋಗಿ ವಾಪಸ್ ಬರಬಹುದಿತ್ತು.

ವ್ಯವಹಾರದಲ್ಲೂ ಅವರು ಹೀಗೇ ನಡೆದುಕೊಂಡಂತೆ ಕಾಣುತ್ತದೆ. ‘ಸದಾರಮೆ’ಯಂಥ ನಂಬಿಕಸ್ಥ ಆಟಗಳು ದಿನದ ಅನ್ನ ಹುಟ್ಟಿಸಿದವು. ಆ ಧೈರ್ಯದ ಮೇಲೆ ಬೇರೆಯವರು ಕನಸಿನಲ್ಲೂ ಮಾಡದ ಸಾಹಸಕ್ಕೆ ಕೈ ಹಾಕಿದರು. ಗಂಡಸರೇ ಸೀರೆ ಉಟ್ಟು ಹೆಣ್ಣಿನ ಪಾತ್ರ ಮಾಡುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳನ್ನು ರಂಗಕ್ಕೆ ತಂದರು. ಅವರ ಪತ್ನಿ ಬಿ. ಜಯಮ್ಮ ನಾಟಕದಲ್ಲೂ ಮುಂದೆ ಸಿನಿಮಾದಲ್ಲೂ ದೊಡ್ಡ ಹೆಸರು ಮಾಡಿದರು. ಕಂಪನಿ ಮೈಸೂರು ಸಂಸ್ಥಾನ ದಾಟಿ ತೆಲುಗು, ತಮಿಳು ಸೀಮೆಗೂ ಹೋಯಿತು. ತೆಲುಗಿನಲ್ಲೂ ಆಟ ಆಡಿ ‘ಕರ್ನಾಟಕಾಂಧ್ರ ನಾಟಕ ಸಾರ್ವಭೌಮ’ ಎಂಬ ಬಿರುದು ಪಡೆದರು. 1934ರ ‘ಕುರುಕ್ಷೇತ್ರ’ವಂತೂ ಊರ ಬಾಯಲ್ಲೆಲ್ಲ ಆಡಿದ ನಾಟಕ. ಬಿ. ಪುಟ್ಟಸ್ವಾಮಯ್ಯನವರು ಬರೆದದ್ದು. ಯುದ್ಧ ಅಂದಮೇಲೆ ರಟ್ಟಿನ ಆನೆ ಸಾಕಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ವೀರಣ್ಣನವರು ನಿಜವಾದ ಆನೆ, ನಿಜವಾದ ಕುದುರೆಗಳನ್ನೇ ರಂಗದ ಮೇಲೆ ತಂದರು. ಆನೆ ಅಂದರೆ ಬರೀ ವೈಭವವಲ್ಲ. ಆಟ ಇರಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಮೇವು ಹಾಕಬೇಕು, ನೀರು ಕುಡಿಸಬೇಕು. ಎಷ್ಟು ದೊಡ್ಡ ಕನಸು ಕಂಡರೋ ಅಷ್ಟು ದೊಡ್ಡ ದಿನಚರಿಯನ್ನೂ ಹೆಗಲ ಮೇಲೆ ಹಾಕಿಕೊಂಡರು ಎಂದಾಯಿತು.

ಎಲ್ಲ ಸಾಹಸವೂ ಕೈಹಿಡಿಯಲಿಲ್ಲ. ಸಿನಿಮಾದ ಕಥೆ ಅದಕ್ಕೆ ಸಾಕ್ಷಿ. ಬೆಲ್ಜಿಯಂ ಮೂಲದ ಛಾಯಾಗ್ರಾಹಕ ರಾಫೆಲ್ ಆಲ್ಗೊಯೆಟ್ ಜೊತೆ ಸೇರಿ ಮೂಕಿ ಚಿತ್ರಗಳನ್ನು ತೆಗೆದರು. ‘ಹಿಸ್ ಲವ್ ಅಫೇರ್’ 1931ರದ್ದು. ಅದೇ 1931ರ ಮಾರ್ಚ್‌ನಲ್ಲಿ ಬೊಂಬಾಯಿಯಲ್ಲಿ ‘ಆಲಂ ಆರಾ’ ತೆರೆ ಕಂಡು ಸಿನಿಮಾ ಮಾತಾಡತೊಡಗಿತು. ಮೂಕಿ ಚಿತ್ರಕ್ಕೆ ಬಂಡವಾಳ ಹೂಡಿದವನಿಗೆ ಇದಕ್ಕಿಂತ ಕೆಟ್ಟ ಮುಹೂರ್ತ ಇನ್ನೊಂದು ಇರಲಾರದು. ಆದರೂ ತಲೆ ಮೇಲೆ ಕೈ ಹೊತ್ತು ಕೂರದೆ 1935ರಲ್ಲಿ ಟಾಕಿಯಾಗಿ ಬಂದ ‘ಸದಾರಮೆ’ಯಲ್ಲಿ ನಟಿಸಿದರು. 1940ರ ದಶಕದಲ್ಲಿ ‘ಜೀವನ ನಾಟಕ’, ‘ಹೇಮರೆಡ್ಡಿ ಮಲ್ಲಮ್ಮ’ ಬಂದವು. 1954ರಲ್ಲಿ ಅವರ ಚಿತ್ರಸಂಸ್ಥೆ ಪಾಲುಗೊಂಡು ತಯಾರಾದ ‘ಬೇಡರ ಕಣ್ಣಪ್ಪ’ ಮುತ್ತುರಾಜನನ್ನು ರಾಜ್‌ಕುಮಾರ್ ಮಾಡಿತು. ರಾಜ್‌ಕುಮಾರ್, ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಇಬ್ಬರೂ ಗುಬ್ಬಿ ಕಂಪನಿಯ ಊಟ ಉಂಡವರೇ. ಈ ಸಿನಿಮಾ ಓಡಾಟದ ಉದ್ದಕ್ಕೂ ಒಂದು ಕೈ ನಾಟಕ ಕಂಪನಿಯ ಮೇಲೇ ಇತ್ತು. ಅಲ್ಲಿ ದಿನಾ ಬೆಲ್ ಹೊಡೆಯುತ್ತಿದ್ದರಿಂದಲೇ ಇಲ್ಲಿ ಮುಗ್ಗರಿಸಿದಾಗ ನಿಲ್ಲಲು ನೆಲ ಸಿಕ್ಕಿತು ಅನ್ನುವುದು ನನ್ನ ಅಂದಾಜು. ನೌಕರಿ ಬಿಟ್ಟ ಮಾರನೆ ದಿನವೇ ಇದ್ದ ದುಡ್ಡನ್ನೆಲ್ಲ ಹೊಸ ಐಡಿಯಾಗೆ ಸುರಿಯುವ ನನ್ನ ಗೆಳೆಯರು ಇದನ್ನು ಒಪ್ಪುವುದಿಲ್ಲ, ಇರಲಿ.

ಅವರ ಕಂಪನಿಯ ಶಿಸ್ತನ್ನು ಬರೀ ಕಟ್ಟುನಿಟ್ಟು ಎಂದುಕೊಂಡರೆ ತಪ್ಪಾಗುತ್ತದೆ. ದಕ್ಷಿಣ ಕನ್ನಡದ ಕಡೆಯಿಂದ ಮನೆ ಬಿಟ್ಟು ಓಡಿಬಂದ ಒಬ್ಬ ಹುಡುಗ ಕಂಪನಿ ಸೇರಿದ್ದ. ಬಾಲನಟರ ಗುಂಪಿನಲ್ಲಿ ಒಬ್ಬನಾಗಿ ಬಣ್ಣ ಹಚ್ಚಿ, ಹಾಡು ಕಲಿತ. ಅವನಿಗೆ ಓದಿನ ಆಸೆ ಇದೆ ಎಂದು ಕಂಡಾಗ ವೀರಣ್ಣನವರು ಕಂಪನಿಯಲ್ಲೇ ಕಟ್ಟಿಹಾಕಲಿಲ್ಲ. ಹೆಚ್ಚಿನ ಓದಿಗೆ ಬನಾರಸ್ಸಿಗೆ ಕಳಿಸಿಕೊಟ್ಟರು. ಲೆಕ್ಕದ ಮನುಷ್ಯನಾಗಿ ನೋಡಿದರೆ ಇದು ನಷ್ಟದ ಬಾಬ್ತು. ತಯಾರಾದ ನಟ ಹೋದ, ಮೇಲಿಂದ ಖರ್ಚು ಬೇರೆ. ಆ ಹುಡುಗ ಬಿ.ವಿ. ಕಾರಂತ. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ನಿರ್ದೇಶಕರಾದರು. ಕಾರಂತರ ನಾಟಕಗಳಲ್ಲಿ ಹಾಡು ಅಷ್ಟೊಂದು ಸಲೀಸಾಗಿ ಬರುವುದನ್ನು ಕಂಡವರಿಗೆ ಕಂಪನಿಯ ಬೆಳಗಿನ ಹಾರ್ಮೋನಿಯಂ ನೆನಪಾಗದೆ ಇರದು. ಜಿ.ವಿ. ಅಯ್ಯರ್, ನರಸಿಂಹರಾಜು, ಬಾಲಕೃಷ್ಣ ಹೀಗೆ ಈ ಕಂಪನಿಯ ಗರಡಿಯಲ್ಲಿ ಪಳಗಿದವರ ಪಟ್ಟಿ ಮಾಡಲು ಹೊರಟರೆ ಹಳೆಯ ಕನ್ನಡ ಸಿನಿಮಾದ ಟೈಟಲ್ ಕಾರ್ಡ್ ಓದಿದಂತಾಗುತ್ತದೆ.

1972ರಲ್ಲಿ ಕೇಂದ್ರ ಸರ್ಕಾರ ವೀರಣ್ಣನವರಿಗೆ ಪದ್ಮಶ್ರೀ ಕೊಟ್ಟಿತು. ಅದೇ ವರ್ಷ ಅಕ್ಟೋಬರ್ 18ರಂದು ಅವರು ತೀರಿಕೊಂಡರು. ಅಷ್ಟರಲ್ಲಿ ಊರೂರಿಗೆ ಸಿನಿಮಾ ಟೆಂಟ್ ಬಂದು ನಾಟಕ ಕಂಪನಿಗಳ ಕಾಲ ಇಳಿಮುಖವಾಗಿತ್ತು. ಕನ್ನಡ ಸಿನಿಮಾಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಅವರೂ ಒಬ್ಬರು ಅನ್ನುವುದು ಬೇರೆ ಮಾತು. ಈಗ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ರಂಗಭೂಮಿಯವರಿಗೆ ಪ್ರಶಸ್ತಿ ಕೊಡುತ್ತದೆ, ತುಮಕೂರಿನಲ್ಲಿ ರಂಗಮಂದಿರ ಇದೆ. ಮೊಮ್ಮಗಳು ಬಿ. ಜಯಶ್ರೀ ಅವರ ಕಂಠ ಕೇಳದ ಕನ್ನಡಿಗರು ಕಡಿಮೆ. ಅವರ ಬಾಲ್ಯವೂ ತಾತನ ಕಂಪನಿಯ ಪರದೆಗಳ ನಡುವೆಯೇ ಕಳೆದದ್ದು.

ಗುಬ್ಬಿಗೆ ಜಾತ್ರೆಗೆ ಹೋಗುವವರು ಚನ್ನಬಸವೇಶ್ವರನಿಗೆ ಕೈ ಮುಗಿದು, ಮಂಡಕ್ಕಿ ಕಟ್ಟಿಸಿಕೊಂಡು ವಾಪಸ್ ಬಸ್ ಹತ್ತುತ್ತಾರೆ. ಆ ದೇವರ ಹೆಸರನ್ನೇ ಬೋರ್ಡಿಗೆ ಬರೆಸಿಕೊಂಡ ಕಂಪನಿಯೊಂದು ಇದೇ ಊರಿಂದ ಹೊರಟು, ಪರದೆ ಪೆಟ್ಟಿಗೆಗಳನ್ನು ರೈಲಿಗೆ ಹೇರಿಕೊಂಡು ಮದರಾಸಿನವರೆಗೂ ಹೋಗಿ ಆಟ ಆಡಿತ್ತು. ಪ್ರತಿ ಊರಿನಲ್ಲೂ ಮೊದಲು ಒಲೆ ಹೂಡುತ್ತಿದ್ದರು, ಆಮೇಲೆ ತಗಡಿನ ಶೀಟು ಏರುತ್ತಿತ್ತು, ರಾತ್ರಿಯಾದರೆ ಯಜಮಾನರು ಕಳ್ಳನ ವೇಷ ಹಾಕಿಕೊಂಡು ಮೂರನೆ ಬೆಲ್ಲಿಗೆ ಕಾಯುತ್ತಿದ್ದರು.